ಹೆಣ್ಣು ಹೆತ್ತವಳ ಮೇಲೇಕೆ ದೂರು?

ಹೊಸ ಬೆಳಕನ್ನು ಬೇಗ ಬರಮಾಡಿಕೊಂಡ ನೆಲ ನಮ್ಮದು. ಶಿವನಸಮುದ್ರದ ವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿಗಳಿಗೆ ಬಂತು. ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದು 1905ರಲ್ಲಿ. ಅದೇ ವರ್ಷ ಇನ್ನೊಂದು ಬೆಳಕೂ ಮೂಡಿತು. ಅಮೆರಿಕದ ವಿಜ್ಞಾನಿ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳುಗಳನ್ನು ಪರೀಕ್ಷಿಸಿ, ಮರಿ ಗಂಡೋ ಹೆಣ್ಣೋ ಎಂಬುದು ಗಂಡಿನ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆಂದು ತೋರಿಸಿದರು. ಮನುಷ್ಯರಲ್ಲೂ ಹಾಗೆಯೇ. ತಾಯಿ ಕೊಡುವುದು ಎಕ್ಸ್ ವರ್ಣತಂತು ಮಾತ್ರ. ತಂದೆಯಿಂದ ಎಕ್ಸ್ ಬಂದರೆ ಮಗಳು, ವೈ ಬಂದರೆ ಮಗ.

ಆದರೂ ಮೂರನೆಯ ಹೆಣ್ಣು ಹೆತ್ತ ಸೊಸೆಯನ್ನು ಚುಚ್ಚುವ ಮಾತನ್ನು, ಮಗನಿಗೆ ಇನ್ನೊಂದು ಮದುವೆ ಮಾಡುವ ಬೆದರಿಕೆಯನ್ನು ಬಂಗಾರಪೇಟೆಯ ಓಣಿಗಳಲ್ಲೂ ಕೆಜಿಎಫ್‌ನ ಗಣಿ ಲೈನುಗಳಲ್ಲೂ ನಾವು ಕೇಳಿದ್ದೇವೆ. ಇದಕ್ಕೆ ಜಾತಿ, ಮತ, ಭಾಷೆಗಳ ಭೇದವಿಲ್ಲ. ಹೆಣ್ಣು ಹುಟ್ಟಿತೆಂದು ಮುಖ ಕಪ್ಪಿಡುವವರನ್ನು ಕುರ್‌ಆನ್ ಖಂಡಿಸಿದೆ ಎಂಬುದನ್ನು ನಮ್ಮವರೂ ಮರೆಯುತ್ತಾರೆ. ಭ್ರೂಣಲಿಂಗ ಪತ್ತೆಯನ್ನು 1994ರ ಕಾನೂನು ನಿಷೇಧಿಸಿದೆ. ಆದರೂ 2011ರ ಜನಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿದ್ದ ಹೆಣ್ಣುಮಕ್ಕಳು 948 ಮಾತ್ರ.

ಹಾಗೆಂದು ತಂದೆಯನ್ನು ದೂರುವುದೂ ಸಲ್ಲದು. ಯಾವ ವೀರ್ಯಾಣು ಅಂಡಾಣುವನ್ನು ಸೇರುವುದೆಂಬುದು ಯಾರ ಕೈಯಲ್ಲೂ ಇಲ್ಲ. ಇಷ್ಟನ್ನು ನಮ್ಮ ಮನೆಯ ಹಿರಿಯರಿಗೂ ಮದುವೆಯಾಗುವ ಹುಡುಗರಿಗೂ ಸಂಕೋಚವಿಲ್ಲದೆ ತಿಳಿಸಿ ಹೇಳೋಣ. ಬಾಣಂತಿಯ ಕಣ್ಣೀರು ಅಷ್ಟಾದರೂ ಕಡಿಮೆಯಾದೀತು.