87 ದಿನಗಳ ಚಕ್ರವರ್ತಿ: ಪರ್ಟಿನಾಕ್ಸನ ಕೀರ್ತಿ ಮತ್ತು ಅದರ ಆಕರಗಳು

ಕ್ರಿ.ಶ. 193ರ ಜನವರಿ 1ರಿಂದ ಮಾರ್ಚ್ 28ರವರೆಗೆ ಕೇವಲ 87 ದಿನ ರೋಮನ್ನು ಆಳಿದ ಪರ್ಟಿನಾಕ್ಸ್ ಇತಿಹಾಸದಲ್ಲಿ ಸಜ್ಜನ ದೊರೆಯೆಂದೇ ಉಳಿದಿದ್ದಾನೆ. ಈ ಹೆಸರನ್ನು ಅವನಿಗೆ ಕಟ್ಟಿಕೊಟ್ಟವರಲ್ಲಿ ಇಬ್ಬರು ಮುಖ್ಯರು. ಇತಿಹಾಸಕಾರ ಕ್ಯಾಸಿಯಸ್ ಡಿಯೊ ಸೆನೆಟ್ ಸದಸ್ಯನಾಗಿ ಆ ದಿನಗಳನ್ನು ಕಣ್ಣಾರೆ ಕಂಡವನು. ಆದರೆ ಅವನನ್ನು ಪ್ರೀಟರ್ ಹುದ್ದೆಗೆ ಹೆಸರಿಸಿದವನು ಪರ್ಟಿನಾಕ್ಸನೇ. ಸೆಪ್ಟಿಮಿಯಸ್ ಸೆವೆರಸನಂತೂ ಪರ್ಟಿನಾಕ್ಸನ ಕೊಲೆಗೆ ಸೇಡು ತೀರಿಸುತ್ತೇನೆಂದು ದಂಡೆತ್ತಿ ಬಂದು ಪಟ್ಟ ಹಿಡಿದವನು. ಹಂಗಿನವರ ಹೊಗಳಿಕೆಯನ್ನು ತೂಗಿಯೇ ಒಪ್ಪಬೇಕು.

ಪರ್ಟಿನಾಕ್ಸನ ಆರಂಭದ ಬದುಕಿಗೆ ಈ ಇಬ್ಬರ ನೆರಳಿಲ್ಲದ ಸಾಕ್ಷಿಯೊಂದಿದೆ. ಜರ್ಮನಿಯ ಕಲೋನ್ ಸಮೀಪದ ಬ್ರ್ಯೂಲ್‌ನಲ್ಲಿ ಸಿಕ್ಕ ಶಾಸನ, ಅವನು ಚಕ್ರವರ್ತಿಯಾಗುವುದಕ್ಕೆ ಬಹಳ ಮೊದಲೇ ಕೆತ್ತಿದ್ದು, ಅವನ ಹುದ್ದೆಗಳನ್ನು ದಾಖಲಿಸುತ್ತದೆ. ಚಕ್ರವರ್ತಿಗಳ ಜೀವನಚರಿತ್ರೆಗಳ ಸಂಕಲನವಾದ, ಕಟ್ಟುಕತೆಗಳಿಗೆ ಕುಖ್ಯಾತವಾದ ‘ಹಿಸ್ಟೋರಿಯಾ ಆಗಸ್ಟಾ’ ಈ ವಿಷಯದಲ್ಲಿ ಹೆಚ್ಚುಕಡಿಮೆ ನಿಜ ಹೇಳಿದೆ ಎಂಬುದು ಇದರಿಂದ ತಿಳಿಯಿತು. ಆದ್ದರಿಂದ ಅದೇ ಗ್ರಂಥ ಹೇಳುವ ಅವನ ಜಿಪುಣತನವನ್ನೂ, ಅತಿಥಿಗಳಿಗೆ ಅರ್ಧರ್ಧ ಲೆಟಿಸ್ ಸೊಪ್ಪು ಬಡಿಸುತ್ತಿದ್ದ ಕತೆಯನ್ನೂ, ಪೂರ್ತಿ ತಳ್ಳಿಹಾಕಲಾಗದು. 126ರಲ್ಲಿ ಇಟಲಿಯ ಆಲ್ಬಾ ಪೊಂಪೇಯದಲ್ಲಿ, ದಾಸ್ಯದಿಂದ ಬಿಡುಗಡೆ ಪಡೆದವನ ಮಗನಾಗಿ ಹುಟ್ಟಿದ ಅವನು ವ್ಯಾಕರಣ ಕಲಿಸುತ್ತಿದ್ದ. ಆಮೇಲೆ ಸೇನೆ ಸೇರಿ, 175ರಲ್ಲಿ ಕಾನ್ಸಲ್ ಆದ. ಬ್ರಿಟನ್ನಿನಲ್ಲಿ ದಂಗೆಯೆದ್ದ ಸೈನಿಕರು ಅವನು ಸತ್ತನೆಂದೇ ಭಾವಿಸಿ ಬಿಟ್ಟುಹೋಗಿದ್ದರು.

ಹಿಂದಿನ ಚಕ್ರವರ್ತಿ ಕೊಮೋಡಸನ ಕೊಲೆಯ ರಾತ್ರಿಯೇ ಅಧಿಕಾರ ಅವನ ಕೈಗೆ ಬಂತು. ಬೊಕ್ಕಸದಲ್ಲಿದ್ದದ್ದು 10 ಲಕ್ಷ ಸೆಸ್ಟರ್ಸ್. ಅರಮನೆಯ ಕಾವಲು ಪಡೆಯ ಪ್ರತಿ ಸೈನಿಕನಿಗೆ ಅವನು ಮಾತು ಕೊಟ್ಟದ್ದು 12,000. ಕೊಮೋಡಸನ ಭೋಗವಸ್ತುಗಳನ್ನು ಹರಾಜು ಹಾಕಿ ಹಣ ಹೊಂದಿಸಿದ. ಡಿಯೊ ಪ್ರಕಾರ ಮಾತು ಕೊಟ್ಟಷ್ಟನ್ನೂ ತೀರಿಸಿದ. ‘ಹಿಸ್ಟೋರಿಯಾ ಆಗಸ್ಟಾ’ ಪ್ರಕಾರ ಅರ್ಧ ಮಾತ್ರ. ಆದರೆ ಡಿಯೊನೇ ಇನ್ನೊಂದೆಡೆ, ಹಿಂದೆ ಜೊತೆಯಾಗಿ ಆಳಿದ ಮಾರ್ಕಸ್ ಔರೇಲಿಯಸ್ ಮತ್ತು ಲೂಸಿಯಸ್ ವೇರಸ್ ಕೊಟ್ಟಷ್ಟೇ ತಾನೂ ಕೊಟ್ಟೆನೆಂದು ಪರ್ಟಿನಾಕ್ಸ್ ಸೆನೆಟ್ಟಿನಲ್ಲಿ ಹೇಳಿದನೆಂದೂ ಸೈನಿಕರು ಕೆರಳಿದರೆಂದೂ ಬರೆಯುತ್ತಾನೆ. ಆ ಇಬ್ಬರು ಕೊಟ್ಟದ್ದು 20,000. ಎಲ್ಲವನ್ನೂ ಒಮ್ಮೆಲೇ ಸರಿಪಡಿಸಹೊರಟು ಕೆಟ್ಟ ಎಂಬ ಡಿಯೊನ ಪ್ರಸಿದ್ಧ ತೀರ್ಪಿಗಿಂತ ಈ ಸುಳ್ಳು ಲೆಕ್ಕವೇ ಅವನ ಸಾವಿಗೆ ಹತ್ತಿರದ ಕಾರಣವೆಂದು ನನಗೆ ತೋರುತ್ತದೆ. ಪಾಳುಭೂಮಿ ಉತ್ತವರಿಗೆ ಹತ್ತು ವರ್ಷ ಕಂದಾಯ ಮಾಫಿ ಎಂದು ಇತಿಹಾಸಕಾರ ಹೆರೋಡಿಯನ್ ಹೇಳುವ ಸುಧಾರಣೆ ಕಾವಲುಗಾರರನ್ನು ತಟ್ಟುವಂಥದ್ದೂ ಅಲ್ಲ.

ಅರಮನೆಗೆ ನುಗ್ಗಿದ ಸೈನಿಕರ ಎದುರು ಓಡಿಹೋಗದೆ ನಿಂತು ಬುದ್ಧಿ ಹೇಳಿದ್ದು ಅವನ ಧೈರ್ಯಕ್ಕೆ ಸಾಕ್ಷಿ. ಅವನನ್ನು ಕೊಂದ ಪಡೆ ತಲಾ 25,000 ಸೆಸ್ಟರ್ಸ್‌ಗೆ ಪಟ್ಟವನ್ನು ಡಿಡಿಯಸ್ ಜೂಲಿಯಾನಸನಿಗೆ ಮಾರಿತು. ಸೆವೆರಸ್ ಆ ಪಡೆಯನ್ನು ವಿಸರ್ಜಿಸಿದ, ಪರ್ಟಿನಾಕ್ಸನನ್ನು ದೇವರ ಸಾಲಿಗೆ ಸೇರಿಸಿದ, ಅವನ ಹೆಸರನ್ನು ತನ್ನ ಹೆಸರಿನೊಂದಿಗೆ ನಾಣ್ಯಗಳ ಮೇಲೆ ಅಚ್ಚು ಹಾಕಿಸಿದ. ಆದರೆ ಪರ್ಟಿನಾಕ್ಸ್ ಹೆಚ್ಚಿಸಿದ್ದ ಬೆಳ್ಳಿಯ ಪ್ರಮಾಣವನ್ನು ಆ ನಾಣ್ಯಗಳಲ್ಲಿ ಬೇಗನೆ ಇಳಿಸಿದವನೂ ಸೆವೆರಸನೇ.