ರೆಪ್ಪೆಯ ಸ್ನಾಯು ನುಡಿದ ಸಾಕ್ಷ್ಯ

ನೋವಿಲ್ಲದೆ, ಜ್ವರವಿಲ್ಲದೆ, ವರ್ಷದಿಂದ ವರ್ಷಕ್ಕೆ ರೆಪ್ಪೆಗಳು ಜೋತುಬಿದ್ದು, ಕಣ್ಣುಗುಡ್ಡೆಗಳ ಚಲನೆ ಕುಂದಿ, ಕಡೆಗೆ ಪಕ್ಕದಲ್ಲಿರುವುದನ್ನು ನೋಡುವುದಕ್ಕೂ ಮುಖವನ್ನೇ ತಿರುಗಿಸಬೇಕಾಗುವ ವ್ಯಾಧಿಯೊಂದನ್ನು 19ನೆಯ ಶತಮಾನದ ಯುರೋಪಿನ ನೇತ್ರವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಬರ್ಲಿನ್ನಿನ ಫಾನ್ ಗ್ರೇಫೆಯು ಅದನ್ನು ವರ್ಣಿಸಿದ್ದನು. ಆದರೆ ದೋಷವಿರುವುದು ಸ್ನಾಯುವಿನಲ್ಲಿಯೋ, ಸ್ನಾಯುವನ್ನು ಆಳುವ ಮಿದುಳಿನ ನರಕೇಂದ್ರದಲ್ಲಿಯೋ ಎಂಬ ವಿವಾದ ಬಹುಕಾಲ ಬಗೆಹರಿಯದೆ ಉಳಿಯಿತು.

1890ರಲ್ಲಿ ವಿಯೆನ್ನಾದ ಪ್ರಾಧ್ಯಾಪಕ ಅರ್ನ್‌ಸ್ಟ್ ಫುಕ್ಸನು ಇಂಥ ರೋಗಿಗಳ ರೆಪ್ಪೆಯನ್ನು ಮೇಲೆತ್ತುವ ಸ್ನಾಯುವಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕ್ಷಯಿಸಿರುವುದು ಸ್ನಾಯುವೇ ಎಂದು ನಿರ್ಣಯಿಸಿದನು. ಆದಾಗ್ಯೂ ಲೈಪ್‌ಜಿಗ್‌ನ ಮೋಬಿಯುಸ್ ಮೊದಲಾದವರ ನರಕೇಂದ್ರವಾದವೇ ವೈದ್ಯಲೋಕದಲ್ಲಿ ಪ್ರಬಲವಾಗಿ ನಿಂತು, 1951ರಲ್ಲಿ ಬ್ರಿಟನ್ನಿನ ಕೈಲೋ ಮತ್ತು ನೆವಿನ್ ಸ್ನಾಯುಪಕ್ಷವನ್ನು ಪುನಃ ಸಮರ್ಥಿಸುವವರೆಗೂ ಫುಕ್ಸನ ಮಾತಿಗೆ ತಕ್ಕ ಮನ್ನಣೆ ದೊರೆಯಲಿಲ್ಲ. ಅವನ ತುಣುಕು ರೋಗದ ಸ್ಥಾನವನ್ನು ತೋರಿಸಿತೇ ಹೊರತು ಕಾರಣವನ್ನು ತೋರಿಸಲಾರದಾಗಿತ್ತು. ಸಾಕ್ಷಿ ಎದುರಿಗಿದ್ದರೆ ಸಾಲದು, ಅದನ್ನು ನುಡಿಸಬಲ್ಲ ವಿದ್ಯೆಯೂ ಬೇಕು.

ಆ ವಿದ್ಯೆ ಬೇರೆ ಬೇರೆ ದಿಕ್ಕುಗಳಿಂದ ಬಂದೊದಗಿತು. 1958ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಕರ್ನ್ಸ್ ಮತ್ತು ಸೇಯರ್, ಇದೇ ನೇತ್ರವ್ಯಾಧಿಯೊಡನೆ ಅಕ್ಷಿಪಟಲದ ವಿಕಾರವೂ ಹೃದಯಸ್ಪಂದನದ ತಡೆಯೂ ಕೂಡಿಬರುವುದುಂಟೆಂದು ತೋರಿಸಿದರು. 1962ರಲ್ಲಿ ಸ್ವೀಡನ್ನಿನ ರೋಲ್ಫ್ ಲುಫ್ಟ್ ಮತ್ತು ಸಂಗಡಿಗರು, ಜೀವಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳೇ ವಿಕೃತಗೊಂಡಿದ್ದ ರೋಗಿಣಿಯೊಬ್ಬಳ ವೃತ್ತಾಂತವನ್ನು ಪ್ರಕಟಿಸಿದರು. ಮರುವರ್ಷ ಎಂಗೆಲ್ ಮತ್ತು ಕನಿಂಗ್‌ಹ್ಯಾಮ್, ಅಂಗಾಂಶಕ್ಕೆ ಬಣ್ಣಕಟ್ಟುವ ಗೊಮೊರಿಯ ತ್ರಿವರ್ಣ ಲೇಪನವನ್ನು ಘನೀಕೃತ ಸ್ನಾಯುವಿಗೆ ಹೊಂದಿಸಿಕೊಟ್ಟರು; ಈ ನೇತ್ರವ್ಯಾಧಿಯವರ ಸ್ನಾಯುವಿನಲ್ಲಿಯೂ ಎಳೆಗಳ ಅಂಚಿನಲ್ಲಿ ಅತಿಯಾಗಿ ಗುಂಪುಗೂಡಿದ ಮೈಟೊಕಾಂಡ್ರಿಯಗಳು ಆ ಲೇಪನದಲ್ಲಿ ಚಿಂದಿಯಾದ ಕೆಂಪು ಅಂಚುಗಳಾಗಿ ಗೋಚರಿಸತೊಡಗಿದವು. ಕಡೆಗೆ 1988ರಲ್ಲಿ ಲಂಡನ್ನಿನ ಹೋಲ್ಟ್, ಹಾರ್ಡಿಂಗ್ ಮತ್ತು ಮಾರ್ಗನ್-ಹ್ಯೂಸ್, 16,569 ಅಕ್ಷರಗಳ ಮೈಟೊಕಾಂಡ್ರಿಯದ ಡಿ.ಎನ್.ಎ.ಯಲ್ಲಿ ದೊಡ್ಡ ಭಾಗಗಳೇ ಲುಪ್ತವಾಗಿರುವುದನ್ನು ರೋಗಿಗಳ ಸ್ನಾಯುವಿನಲ್ಲಿ ಕಂಡುಹಿಡಿದರು.

ಈ ಲೋಪವು ಸದಾ ನವೀಕರಣಗೊಳ್ಳುವ ರಕ್ತದಲ್ಲಿ ಪ್ರಾಯಶಃ ಸಿಕ್ಕದೆ, ವಿಭಜನೆಗೊಳ್ಳದ ಸ್ನಾಯುತಂತುಗಳಲ್ಲಿ ಉಳಿದಿರುತ್ತದೆಯಾದ್ದರಿಂದ, ತೊಡೆಯಿಂದಲೋ ಭುಜದಿಂದಲೋ ತುಣುಕು ತೆಗೆಯುವುದು ರೂಢಿಯಾಯಿತು. ಆದರೆ ಜೋತ ರೆಪ್ಪೆಯನ್ನು ಎತ್ತಿಕಟ್ಟಲು ಹೇಗೂ ಶಸ್ತ್ರಚಿಕಿತ್ಸೆಗೆ ಬರುವ ರೋಗಿಗೆ ಮತ್ತೊಂದು ಗಾಯವೇಕೆ? ಅದೇ ಕೊಯ್ತದಲ್ಲಿ, ಕಣ್ಣನ್ನು ಮುಚ್ಚಿಸುವ ವರ್ತುಲಸ್ನಾಯುವಿನ ಕಿಂಚಿತ್ ಭಾಗವನ್ನು ತೆಗೆದರೆ ಪರೀಕ್ಷೆಗೆ ವಸ್ತು ದೊರೆಯುತ್ತದೆ. ಆ ಸ್ನಾಯುವಿನಲ್ಲಿಯೂ ರೋಗಚಿಹ್ನೆಗಳು ಕಾಣುವುದನ್ನು 1980ರಲ್ಲಿಯೇ ಅಮೆರಿಕದ ವೈದ್ಯರು ವರದಿಮಾಡಿದ್ದರು.

ಮುಪ್ಪಿನಲ್ಲಿ ಆರೋಗ್ಯವಂತರ ಸ್ನಾಯುವಿನಲ್ಲಿಯೂ ಅಂಥ ಕೆಂಪು ಎಳೆಗಳು ಅಲ್ಲೊಂದು ಇಲ್ಲೊಂದು ತೋರುವುದುಂಟಾದುದರಿಂದ, ರೆಪ್ಪೆಯ ಸಾಕ್ಷ್ಯವನ್ನು ರೋಗಿಯ ವಯಸ್ಸು, ವಂಶವೃತ್ತಾಂತ, ಡಿ.ಎನ್.ಎ. ಪರೀಕ್ಷೆಗಳೊಡನೆ ತೂಗಿನೋಡಬೇಕಾಗುತ್ತದೆ. ಈ ಶ್ರಮವೆಲ್ಲ ಪಾಂಡಿತ್ಯಕ್ಕಾಗಿಯೇ ಅಲ್ಲ: ನಿದಾನ ಸ್ಥಿರವಾದೊಡನೆ ವೈದ್ಯನು ಹೃದಯವನ್ನೂ ಪರೀಕ್ಷಿಸುತ್ತಾನೆ, ಅಲ್ಲಿ ಸ್ಪಂದನದ ತಡೆ ಮೊಳೆತಿದ್ದರೆ ಪೇಸ್‌ಮೇಕರ್ ಇಟ್ಟು ಪ್ರಾಣವನ್ನು ಉಳಿಸುವುದು ಸಾಧ್ಯವಾಗುತ್ತದೆ.