ಅಂಗೈ ಹೊಡೆತ

ಅಂಗೈ ಹೊಡೆತವು ಮುಷ್ಟಿ ಕಟ್ಟದೆ, ತೆರೆದ ಹಸ್ತದಿಂದ ಎದುರಾಳಿಯನ್ನು ಹೊಡೆಯುವ ಸಮರಕಲೆಯ ಒಂದು ತಂತ್ರ. ಇದರಲ್ಲಿ ಮುಖ್ಯವಾಗಿ ಮಣಿಕಟ್ಟಿಗೆ ಹೊಂದಿಕೊಂಡಿರುವ ಅಂಗೈಯ ಬುಡಭಾಗವನ್ನು ಬಳಸಲಾಗುತ್ತದೆ. ಕರಾಟೆಯಲ್ಲಿ ಇದಕ್ಕೆ ಶೋತೇ ಅಥವಾ ತೇಶೋ ಎಂಬ ಹೆಸರುಗಳಿವೆ.

ವಿಧಾನ

ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಬೆರಳುಗಳನ್ನು ತುಸು ಮಡಚಿ, ಹೆಬ್ಬೆರಳನ್ನು ಹಸ್ತದ ಬದಿಗೆ ಸೇರಿಸಿಕೊಳ್ಳಬೇಕು. ಪಾದದಿಂದ ಹೊರಟ ಬಲವು ಸೊಂಟ ಮತ್ತು ಭುಜದ ತಿರುಗುವಿಕೆಯೊಂದಿಗೆ ಮುಂದೋಳಿನ ಎಲುಬುಗಳ ನೇರದಲ್ಲಿ ಸಾಗಿ ಗುರಿಯನ್ನು ಮುಟ್ಟುತ್ತದೆ. ಗದ್ದ, ಮೂಗು ಮತ್ತು ಎದೆ ಇದರ ಸಾಮಾನ್ಯ ಗುರಿಗಳು.

ಅನುಕೂಲಗಳು ಮತ್ತು ಅಪಾಯಗಳು

ತಲೆಬುರುಡೆಯು ಗಟ್ಟಿಯಾಗಿರುವುದರಿಂದ ಬರಿಮುಷ್ಟಿಯಿಂದ ಗುದ್ದಿದವರ ಕೈಯೇ ಮುರಿಯುವುದುಂಟು. ಕಿರುಬೆರಳಿನ ಬುಡದ ಹಸ್ತದೆಲುಬು ಹೀಗೆ ಮುರಿಯುವುದನ್ನು ಬಾಕ್ಸರ್ ಮುರಿತ ಎನ್ನುತ್ತಾರೆ. ಅಂಗೈಯ ಬುಡದಲ್ಲಿ ದಪ್ಪ ಸ್ನಾಯುಗಳಿರುವುದರಿಂದ ಈ ಅಪಾಯ ಕಡಿಮೆ. ಆದುದರಿಂದ ಆತ್ಮರಕ್ಷಣೆಯ ತರಬೇತಿಯಲ್ಲಿ, ಮುಷ್ಟಿ ಗಟ್ಟಿಗೊಳಿಸುವ ಅಭ್ಯಾಸವಿಲ್ಲದವರಿಗೆ ಇದನ್ನು ಮೊದಲು ಕಲಿಸುವುದುಂಟು. ಆದರೆ ಮುಷ್ಟಿಗಿಂತ ಇದರ ಚಾಚು ಕಡಿಮೆ. ಬೆರಳುಗಳು ಮೊದಲು ತಗಲಿದರೆ ಉಳುಕುತ್ತವೆ.

ಕಿವಿಯ ಮೇಲೆ ಬೀಳುವ ತೆರೆದ ಹಸ್ತದ ಏಟು ಗಾಳಿಯ ಒತ್ತಡದಿಂದ ಕಿವಿತಮಟೆಯನ್ನು ಹರಿಯಬಲ್ಲದು. ಆದ್ದರಿಂದ ಕೆನ್ನೆಗೆ ಬಾರಿಸುವುದು ನಿರಪಾಯಕರವೆಂಬ ನಂಬಿಕೆ ಸರಿಯಲ್ಲ. ಮೂಗಿಗೆ ಬಿದ್ದ ಹೊಡೆತದಿಂದ ಮೂಗಿನೆಲುಬು ಮಿದುಳಿಗೆ ನುಗ್ಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ.

ವಿವಿಧ ಪದ್ಧತಿಗಳಲ್ಲಿ

ಚೀನಾದ ಬಾಗ್ವಾಝಾಂಗ್ ಪದ್ಧತಿಯ ಹೆಸರಿನಲ್ಲಿರುವ 'ಝಾಂಗ್' ಎಂದರೆ ಅಂಗೈ. ಜಪಾನಿನ ಸುಮೋದಲ್ಲಿ ಮುಷ್ಟಿಪ್ರಹಾರ ನಿಷಿದ್ಧ. ಅಂಗೈಗಳಿಂದ ಒಂದರ ಹಿಂದೊಂದರಂತೆ ತಳ್ಳುವ ತ್ಸುಪ್ಪಾರಿ ಅಲ್ಲಿನ ಪ್ರಮುಖ ತಂತ್ರ. 1993ರಲ್ಲಿ ಜಪಾನಿನಲ್ಲಿ ಆರಂಭವಾದ ಪ್ಯಾಂಕ್ರೇಸ್ ಸ್ಪರ್ಧೆಯ ಮೊದಲ ನಿಯಮಗಳು ತಲೆಗೆ ಮುಷ್ಟಿಯಿಂದ ಹೊಡೆಯುವುದನ್ನು ನಿಷೇಧಿಸಿ ಅಂಗೈಗೆ ಅವಕಾಶ ನೀಡಿದ್ದವು. ವಿಶ್ವ ಕರಾಟೆ ಒಕ್ಕೂಟದ ಕುಮಿತೆ ನಿಯಮಗಳು ಇದಕ್ಕೆ ವಿರುದ್ಧವಾಗಿದ್ದು, ಮುಖಕ್ಕೆ ತೆರೆದ ಕೈಯಿಂದ ಹೊಡೆಯುವುದನ್ನು ನಿಷೇಧಿಸುತ್ತವೆ. ಬಾಕ್ಸಿಂಗ್‌ನಲ್ಲಿಯೂ ತೆರೆದ ಕೈಗವಸಿನ ಹೊಡೆತ ನಿಯಮಬಾಹಿರ.

ಕರಾವಳಿ ಕರ್ನಾಟಕದಲ್ಲಿ

ಉಡುಪಿ, ಕಾಪು ಮತ್ತು ಕಾರ್ಕಳ ಪ್ರದೇಶದ ಗರಡಿಗಳು ತುಳುನಾಡಿನ ವೀರರಾದ ಕೋಟಿ ಚೆನ್ನಯರ ಆರಾಧನೆಗೆ ಸಂಬಂಧಿಸಿದವು. ಅಂಗಸಾಧನೆಯ ತಾಣವನ್ನು ಸೂಚಿಸುವ 'ಗರಡಿ' ಎಂಬ ಪದ ಇಲ್ಲಿ ನೇಮ ನಡೆಯುವ ದೈವಸ್ಥಾನಕ್ಕೂ ಸಲ್ಲುತ್ತದೆ. ಕುಸ್ತಿಯಲ್ಲಿ ಪೈಲ್ವಾನರು ಅಂಗೈಯಿಂದ ತೊಡೆ ತಟ್ಟುವುದು ಪಂಥಾಹ್ವಾನವೇ ಹೊರತು ಹೊಡೆತವಲ್ಲ, ಕುಸ್ತಿಯಲ್ಲಿ ಹೊಡೆಯುವಂತಿಲ್ಲ. ನೆರೆಯ ಕೇರಳದ ಕಳರಿಪಯಟ್ಟಿನಲ್ಲಿ ಬರಿಗೈ ಹೋರಾಟವಾದ 'ವೆರುಂಕೈ'ಯನ್ನು ಆಯುಧಾಭ್ಯಾಸದ ನಂತರದ ಕೊನೆಯ ಹಂತದಲ್ಲಿ ಕಲಿಸುತ್ತಾರೆ.